ಹದಿಮೂರು, ಐವತ್ತೊಂದು, ಐವತ್ತೇಳು

ಸೌಮ್ಯಶ್ರೀ ಡಿಪ್ಲೊಮಾ ಓದುತ್ತಿದ್ದ ಕಾಲಕ್ಕೆ ಅವಳ ಅಪ್ಪಯ್ಯ ಸೂರ ತಾಂಡೇಲನ ಬೋಟಿಗೆ ಮೊದಲ ಜೀಪಿಯೆಸ್ ಸೆಟ್ಟು ಬಂತು. ಅದು ತೊಂಬತ್ತೆಂಟರ ಕೊನೆ. ಅಲ್ಲಿಯವರೆಗೆ ಗಂಗೊಳ್ಳಿಯಲ್ಲಿ ಬೋಟು ನಡೆಸುವ ತಾಂಡೇಲರೆಲ್ಲ ಸಮುದ್ರದಲ್ಲಿ ಜಾಗ ಗುರುತಿಸುತ್ತಿದ್ದದ್ದು ದಡ ನೋಡಿ. ಕೊಡಚಾದ್ರಿಯ ತುದಿ ಇಂಥ ತೆಂಗಿನ ಗುಂಪಿನ ನೆತ್ತಿಗೆ ಬಂದರೆ ನೀರಿನ ಕೆಳಗೆ ಪಾದೆಕಲ್ಲು ಇದೆ, ಬಲೆ ಬಿಟ್ಟರೆ ಹರಿಯುತ್ತದೆ ಎಂಬ ಲೆಕ್ಕ. ಮೋಡ ಕವಿದ ದಿನ ಆ ಲೆಕ್ಕವೂ ಇಲ್ಲ.

ಸೆಟ್ಟು ತಂದುಕೊಟ್ಟವನು ಬಂದರಿನ ಎದುರು ಅಂಗಡಿ ಇಟ್ಟಿದ್ದ ದುಗ್ಗಪ್ಪ. ವಯರ್‌ಲೆಸ್ಸು, ಮೀನು ತೋರಿಸುವ ಯಂತ್ರ, ಬ್ಯಾಟರಿ ಎಲ್ಲ ಅವನಲ್ಲೇ. ಬೋಟಿನ ಕ್ಯಾಬಿನ್ನಿನಲ್ಲಿ ಸೆಟ್ಟು ಕೂರಿಸಿ ಅವನು ಹೇಳಿದ:

"ಹ್ವಾಯ್ ಸೂರಣ್ಣ, ಇನ್ನ್ ಗುಡ್ಡ ಕಾಂಬುದ್ ಬ್ಯಾಡ. ನೀವ್ ಎಲ್ಲಿದ್ರಿ ಅಂದೇಳಿ ಮ್ಯಾಲಿಂದ ಉಪಗ್ರಹವೇ ಹೇಳ್ತ್."

ಸೌಮ್ಯಶ್ರೀ ಅಂದು ಅಪ್ಪಯ್ಯನಿಗೆ ಊಟ ತಂದವಳು ಅಲ್ಲೇ ನಿಂತು ಸೆಟ್ಟಿನ ತೆರೆಯನ್ನು ನೋಡುತ್ತಿದ್ದಳು. ಬೋಟನ್ನು ಬಂದರಿನ ಧಕ್ಕೆಯ ಕಟ್ಟೆಗೆ ಹಗ್ಗ ಹಾಕಿ ಕಟ್ಟಿತ್ತು. ಆದರೂ ಸೆಟ್ಟಿನ ತೆರೆಯ ಮೇಲೆ ಬೋಟಿನ ಗುರುತು ಮೆಲ್ಲಗೆ ಬಡಗು ದಿಕ್ಕಿಗೆ ಹೋಯಿತು, ತುಸು ಹೊತ್ತು ನಿಂತಿತು, ಮತ್ತೆ ಪಡುವಣಕ್ಕೆ ತಿರುಗಿತು.

"ಕಟ್ಟಿದ್ ಬೋಟ್ ಹೋಪುದ್ ಹ್ಯಾಂಗೆ ದುಗ್ಗಪ್ಪಣ್ಣ?" ಎಂದು ಕೇಳಿದಳು.

"ಮಿಷಿನ್ ಸಮ ಇತ್ತ್ ಹೆಣೆ. ಅಮೇರಿಕದವ್ರ್ ಬೇಕಂದೇ ಸ್ವಲ್ಪ ತಪ್ಪ್ ಹೇಳ್ತ್ರಂಬ್ರ್. ಎಲ್ರಿಗೂ ಸಮ ಹೇಳ್ರೆ ಅವ್ರ ಶತ್ರುಗಳಿಗೂ ಸಮ ಗೊತ್ತಾತ್ತಲ್ದಾ."

ತಮಾಷೆಗೆ ಹೇಳಿದ ಎಂದುಕೊಂಡಳು. ಕಾಲೇಜಿನಲ್ಲಿ ಮೇಷ್ಟರನ್ನು ಕೇಳಿದರೆ ಅವರೂ ಅದನ್ನೇ ಹೇಳಿದರು. ಆ ಕಳ್ಳಲೆಕ್ಕಕ್ಕೆ ಸೂರನ ಬಲೆ ಎರಡು ಸಲ ಹರಿಯಿತು. ನಿನ್ನೆ ಗುರುತು ಹಾಕಿಟ್ಟ ಪಾದೆ ಇಂದು ನೂರು ಮೀಟರು ಆಚೆ ಸಿಗುತ್ತಿತ್ತು. ಎರಡು ಸಾವಿರನೇ ಇಸವಿಯ ಮೇ ತಿಂಗಳ ಮೊದಲ ವಾರ ಸೌಮ್ಯಶ್ರೀ ಬೋಟು ಹತ್ತಿದಾಗ ತೆರೆಯ ಮೇಲಿನ ಗುರುತು ಅಲುಗಾಡುತ್ತಿರಲಿಲ್ಲ. ಅಮೇರಿಕ ಆ ತಪ್ಪನ್ನು ತೆಗೆದುಹಾಕಿತು ಎಂದು ಆಮೇಲೆ ಪೇಪರಿನಲ್ಲಿ ಬಂತು. ಯಾರೋ ಎಲ್ಲೋ ಕೂತು ಒಂದು ಗುಂಡಿ ಒತ್ತಿದರು, ಗಂಗೊಳ್ಳಿಯಲ್ಲಿ ಬೋಟು ನಿಂತಿತು. ಆ ಬೆರಗು ಅವಳನ್ನು ಬಿಡಲಿಲ್ಲ.

ಅವಳು ಓದಿದಳು. ಡಿಪ್ಲೊಮಾ ಆದ ಮೇಲೆ ಇಂಜಿನಿಯರಿಂಗ್, ಅದಾದ ಮೇಲೆ ಬ್ರಹ್ಮಾವರದ ಹತ್ತಿರ ಒಂದು ಕಾಲೇಜಿನಲ್ಲಿ ಕೆಲಸ. ವಾರವಿಡೀ ಅಲ್ಲಿ ಬಾಡಿಗೆ ಕೋಣೆ, ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಊರಿಗೆ. ಮದುವೆಯ ಮಾತು ಒಂದೆರಡು ಕಡೆಯಿಂದ ಬಂದು ನಿಂತುಹೋಯಿತು, ಅವಳೂ ಅದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಸೂರ ತೀರಿಕೊಂಡ ಮೇಲೆ ಬೋಟಿನ ಚುಕ್ಕಾಣಿ ಅಣ್ಣ ಶೇಖರನ ಕೈಗೆ ಬಂತು. ಒಂಬತ್ತನೆಯಲ್ಲಿ ಫೇಲಾಗಿ, ಅದರಿಂದ ಸಂತೋಷಪಟ್ಟು ಸಮುದ್ರಕ್ಕೆ ಹೋದವನು ಶೇಖರ. ತಂಗಿಯ ಓದಿನ ಬಗ್ಗೆ ಹೆಮ್ಮೆ, ಅದನ್ನು ತಮಾಷೆಯಾಗಿ ಮಾತ್ರ ತೋರಿಸುತ್ತಿದ್ದ.

ಅವನ ಹೆಂಡತಿ ರಾಜೀವಿ ಅದೇ ಬಂದರಿನ ಪದ್ದುವಿನ ಮಗಳು. ಪದ್ದು ಒಂದು ಕಾಲದಲ್ಲಿ ತಾನೂ ಬೋಟಿಗೆ ಹೋಗುತ್ತಿದ್ದವನು. ಬಲೆ ಎಳೆಯುವ ಯಂತ್ರಕ್ಕೆ ಸಿಕ್ಕಿ ಒಂದು ಕಾಲು ಸೊಟ್ಟಗಾದ ಮೇಲೆ ಬೋಟಿನವರ ಸಂಘ ಅವನನ್ನು ವಯರ್‌ಲೆಸ್ ಕೋಣೆಯಲ್ಲಿ ಕೂರಿಸಿತ್ತು. ಯಾವ ಬೋಟು ಎಲ್ಲಿದೆ, ಯಾರ ಇಂಜಿನ್ನು ಕೆಟ್ಟಿದೆ, ಯಾರ ಮನೆಯಲ್ಲಿ ಮಗು ಹುಟ್ಟಿದೆ, ಎಲ್ಲವೂ ಪದ್ದುವಿನ ಬಾಯಿಂದಲೇ ಸಮುದ್ರಕ್ಕೆ ಹೋಗಬೇಕು, ಸಮುದ್ರದಿಂದ ದಡಕ್ಕೆ ಬರಬೇಕು. ಅವನ ಸ್ವರ ಕೇಳಿದರೆ ಅರ್ಧ ಮನೆಗೆ ಬಂದ ಹಾಗೆ ಎಂದು ಬೋಟಿನವರು ಹೇಳುತ್ತಿದ್ದರು.

ಎರಡು ಸಾವಿರದ ಹನ್ನೆರಡರಲ್ಲಿ ಸೌಮ್ಯಶ್ರೀ ಕೆಲಸದ ಜೊತೆಗೇ ಎಂ.ಟೆಕ್‌ಗೆ ಸೇರಿದಳು. ಆ ಹೊತ್ತಿಗೆ ರಷ್ಯಾದ ಉಪಗ್ರಹಗಳೂ ಪೂರ್ತಿಯಾಗಿ ಕೆಲಸ ಮಾಡತೊಡಗಿದ್ದವು. ಅಮೇರಿಕದ್ದು ಹೆಚ್ಚು ಸರಿಯೋ, ರಷ್ಯಾದ್ದು ಹೆಚ್ಚು ಸರಿಯೋ, ಎರಡನ್ನೂ ಕೂಡಿಸಿದರೆ ಏನಾದರೂ ಲಾಭವುಂಟೋ, ನಮ್ಮ ಕರಾವಳಿಯಲ್ಲಿ ನಿಂತು ಅಳೆದು ನೋಡುವುದು ಎಂದು ಪ್ರಾಜೆಕ್ಟು ಆರಿಸಿಕೊಂಡಳು. ಎರಡರ ಸಂಕೇತವನ್ನೂ ಹಿಡಿಯುವ ರಿಸೀವರ್ ಒಂದನ್ನು ಕಾಲೇಜಿನಿಂದ ತಂದು ಮನೆಯ ತಾರಸಿಯ ಮೇಲೆ ಕೂರಿಸಿದಳು. ಎರಡೂ ಒಂದೇ ಕ್ಷಣಕ್ಕೆ ಹೇಳುವ ಜಾಗವನ್ನು ಪಕ್ಕಪಕ್ಕದಲ್ಲಿಟ್ಟು ವ್ಯತ್ಯಾಸ ತೆಗೆಯುವ ಸಾಫ್ಟ್‌ವೇರನ್ನು ತಾನೇ ಬರೆದಳು. ತಿಂಗಳುಗಟ್ಟಲೆ ಓಡಿಸಿದಾಗ ಕಂಪ್ಯೂಟರಿನ ಮೇಲೆ ಎರಡು ಬಣ್ಣದ ಚುಕ್ಕಿಗಳು ಸಾಸಿವೆ ಚೆಲ್ಲಿದ ಹಾಗೆ ಹರಡಿಕೊಂಡವು. ಅಮೇರಿಕದ ಚುಕ್ಕಿಗಳು ಒತ್ತಾಗಿ, ಸುಮಾರು ಮೂರು ಮೀಟರಿನೊಳಗೆ. ರಷ್ಯಾದವು ಅದರ ಎರಡು ಪಟ್ಟು ಅಗಲ.

ಶೇಖರ ಒಂದು ಭಾನುವಾರ ಚಾ ಕುಡಿಯುತ್ತ ಇಣುಕಿ ನೋಡಿದ.

"ಇಷ್ಟ್ ದಿನ ಮಾಡಿ ಎಂತ ಸಿಕ್ತ್ ನಿಂಗೆ?"

"ಒಂದ್ ಮೂರ್ ಮೀಟರ್ ತಪ್ಪ್ತ್, ಇನ್ನೊಂದ್ ಆರ್ ಮೀಟರ್."

"ನನ್ ಬೋಟೇ ಹದ್ನೈದ್ ಮೀಟರ್ ಉದ್ದ ಇತ್ತ್ ಮರಾಯ್ತಿ," ಎಂದು ನಕ್ಕು ಲೋಟ ಕೆಳಗಿಟ್ಟು ಹೋದ.

ಹದಿನಾಲ್ಕರ ಆಗಸ್ಟಿನಲ್ಲಿ, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದ ವಾರ, ಶೇಖರನ ಬೋಟು ಬೈಂದೂರಿನ ನೇರಕ್ಕೆ ಮುಳುಗಿತು. ತಳದ ಹಲಗೆ ಬಿಟ್ಟುಕೊಂಡು ನೀರು ನುಗ್ಗಿತ್ತು. ಪಂಪು ಸಾಲಲಿಲ್ಲ, ಇಂಜಿನ್ನು ನಿಂತಿತು. ಮಧ್ಯಾಹ್ನದ ಹೊತ್ತು, ಗಾಳಿ, ಬಿಟ್ಟು ಬಿಟ್ಟು ಮಳೆ. ಶೇಖರ ವಯರ್‌ಲೆಸ್ಸಿನಲ್ಲಿ ತನ್ನ ಜಾಗ ಹೇಳಿದ. ಪದ್ದು ಅದನ್ನು ಫೋನಿನಲ್ಲಿ ಸರಕಾರದ ಶೋಧದ ಬೋಟಿನ ಕಚೇರಿಗೆ ದಾಟಿಸಿದ. ಶೋಧದ ಬೋಟು ಅಂದು ಹತ್ತಿರದಲ್ಲೇ ಇತ್ತು, ಬೇಗನೆ ಹೋಯಿತು. ಹೋದ ಜಾಗದಲ್ಲಿ ಬೋಟೂ ಇರಲಿಲ್ಲ, ಜನರೂ ಇರಲಿಲ್ಲ. ಗಾಳಿ ದಡದ ಕಡೆ ಬೀಸುತ್ತಿದ್ದದ್ದರಿಂದ ಅವರು ಅಲ್ಲಿಂದ ಬಡಗು ಮತ್ತು ಮೂಡು ದಿಕ್ಕಿಗೇ ಹುಡುಕುತ್ತ ಹೋದರು. ಏಳು ಮಂದಿಯಲ್ಲಿ ಐವರನ್ನು ಸಂಜೆ ಎತ್ತಿಕೊಂಡದ್ದು ಭಟ್ಕಳದ ಕಡೆಯಿಂದ ಬಂದ ಬೇರೊಂದು ಮೀನಿನ ಬೋಟು. ಶೇಖರ ಮತ್ತು ಅಡುಗೆಯವನು ಇರಲಿಲ್ಲ. ಅಡುಗೆಯವನು ಸಿಗಲೇ ಇಲ್ಲ. ಶೇಖರನ ಹೆಣ ಮೂರನೇ ದಿನ ಮರವಂತೆಯ ದಡಕ್ಕೆ ಬಂತು.

ಬದುಕಿ ಬಂದವರಲ್ಲಿ ನಾಗು ಎಂಬವನು ಶೇಖರನ ಪಕ್ಕದಲ್ಲೇ ಬಲೆಯ ತೇಲುಬುರುಡೆ ಹಿಡಿದುಕೊಂಡಿದ್ದವನು. ಉತ್ತರಕ್ರಿಯೆಯ ಬೊಜ್ಜದ ದಿನ ಅವನು ಮನೆಯ ಜಗಲಿಯಲ್ಲಿ ಕೂತು ತಲೆ ಎತ್ತದೆ ಹೇಳಿದ:

"ತೆರೆ ಮ್ಯಾಲ್ ಹೋದಾಗ್ಳೆಲ್ಲ ಆ ಬೋಟ್ ನಮ್ಗ್ ಕಾಂತಿತ್ತ್. ಬಡಗ್ ಬದಿಯಗೆ ತಿರ್ಗ್ತಾ ಇತ್ತ್. ಶೇಖರಣ್ಣ ಅಂಗಿ ಬಿಚ್ಚಿ ಬೀಸ್ದ, ಕೂಗ್ದ. ಅವ್ರಿಗ್ ನಾವ್ ಕಾಣ್ಲಿಲ್ಲೆ. ನಮ್ಮನ್ನ್ ನೀರ್ ತೆಂಕಕ್ ಎಳಿತಿತ್ತ್. ಕಡೆಗೆ ಅದ್ ದೂರ ಹೋಯ್ತ್. ಶೇಖರಣ್ಣ ಅದನ್ನೇ ಕಾಣ್ತಾ ಇದ್ದಿದ್ದ. ಆಮೇಲ್ ಮಾತೇ ಆಡ್ಲಿಲ್ಲೆ. ಒಂದ್ ತೆರೆ ಬಂದ್ ಹೋಯ್ತ್, ಕಾಂತೆ, ಬುರ್ಡೆ ಮ್ಯಾಲ್ ಕೈ ಇಲ್ಲೆ."

ರಾಜೀವಿ ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿದಳು. ಅಳಲಿಲ್ಲ. ಒಳಗೆ ಹೋಗಿ ಬಂದವರಿಗೆ ಎಲೆ ಹಾಕಿದಳು.

ಹತ್ತಿರವಿದ್ದ ಬೋಟು, ಬದುಕಿ ಬಂದವರ ಅಂದಾಜಿಗೆ, ಒಂದು ಕಿಲೋಮೀಟರಿನಷ್ಟು ತಪ್ಪಿ ಹೋದದ್ದು ಹೇಗೆ ಎಂಬ ಮಾತು ಬಂದರಿನಲ್ಲಿ ಶುರುವಾಯಿತು. ಸೆಟ್ಟೇ ತಪ್ಪು ಜಾಗ ತೋರಿಸಿದೆ ಎಂದು ಎಲ್ಲರೂ ಹೇಳಿದರು. ಸೆಟ್ಟು ದುಗ್ಗಪ್ಪ ಕೊಟ್ಟದ್ದು, ಅದೇ ಕಂಪನಿಯದ್ದು ಇನ್ನೂ ಹತ್ತಾರು ಬೋಟುಗಳಲ್ಲಿತ್ತು. ಯಾರೋ ಅವನ ಅಂಗಡಿಯ ಗಾಜಿಗೆ ಕಲ್ಲು ಹೊಡೆದರು. ದುಗ್ಗಪ್ಪ ಸೌಮ್ಯಶ್ರೀಯ ಮನೆಗೆ ಬಂದು ಕೈಮುಗಿದ.

"ಸೌಮ್ಯ, ನಿನ್ ಅಪ್ಪಯ್ಯನ ಕಾಲ್ದಿಂದ ಸೆಟ್ ಕೊಟ್ಟವ ನಾನ್. ನಿನ್ ಸಾಫ್ಟ್‌ವೇರಗೆ ಹಾಕಿ ಕಾಣ್. ತಪ್ಪಿದ್ರೆ ತಪ್ಪಂದೇ ಹೇಳ್. ಅಂಗಡಿ ಮುಚ್ಚಿ ಹೋತೆ."

ಅವಳಿಗೂ ಕೈಗೆ ಏನಾದರೂ ಕೆಲಸ ಬೇಕಿತ್ತು. ಬೋಟುಬೋಟಿಗೆ ಹೋಗಿ ಅದೇ ಮಾದರಿಯ ಸೆಟ್ಟುಗಳನ್ನು ಬಿಚ್ಚಿಸಿ ತಂದಳು, ತನ್ನ ರಿಸೀವರಿನ ಪಕ್ಕದಲ್ಲಿಟ್ಟು ಓಡಿಸಿದಳು. ಬಿಸಿಲಲ್ಲಿ, ಮಳೆಯಲ್ಲಿ, ಬ್ಯಾಟರಿ ಇಳಿಸಿ, ಏರಿಸಿ ನೋಡಿದಳು. ಯಾವುದೂ ಐದಾರು ಮೀಟರಿಗಿಂತ ಆಚೆ ಹೋಗಲಿಲ್ಲ. ಸೆಟ್ಟುಗಳಲ್ಲಿ ದೋಷವಿಲ್ಲ ಎಂದು ಸಂಘಕ್ಕೆ ಹೇಳಿದಳು.

ದುಗ್ಗಪ್ಪ ಉಳಿದುಕೊಂಡ. ಆದರೆ ತಪ್ಪು ಎಂಬುದು ಬಂದರಿನಲ್ಲಿ ಒಂದು ಬಾಗಿಲಿನಿಂದ ಎದ್ದು ಇನ್ನೊಂದು ಬಾಗಿಲಿಗೆ ಹೋಗಿ ಕೂತಿತು. ಸೆಟ್ಟು ಸರಿಯಿದ್ದರೆ ಶೇಖರನೇ ಹೆದರಿ ಅಂಕಿ ತಪ್ಪು ಓದಿದ್ದಾನೆ, ಜೊತೆಗೆ ಅಡುಗೆಯವನ ಪ್ರಾಣವನ್ನೂ ತೆಗೆದ ಎಂದು ಜನ ಮಾತಾಡಿದರು. ಅದು ರಾಜೀವಿಯ ಕಿವಿಗೂ ಬಿತ್ತು. ಮುಂದಿನ ಶನಿವಾರ ಸೌಮ್ಯಶ್ರೀ ಬರುವುದನ್ನೇ ಕಾದು ಕೂತಿದ್ದಳು.

"ಅವ್ರಿಗೆ ಅಂಕಿ ಓದುಕ್ ಬತ್ತಿರ್ಲಿಲ್ಯಾ?"

"ಅತ್ತಿಗೆ, ನಾನ್ ಹಾಂಗ್ ಹೇಳ್ಲಿಲ್ಲೆ."

"ನೀ ಹೇಳ್ಲಿಲ್ಲೆ. ಮಿಷಿನ್ ಸಮ ಇತ್ತ್ ಅಂದೆ. ಉಳ್ದದ್ದ್ ಯಾರ್ ಹಾಂಗಾರೆ?"

ಅಣ್ಣ ಹೆದರಿದ್ದನೋ ಏನೋ, ಸೌಮ್ಯಶ್ರೀಗೇನು ಗೊತ್ತು. ಆ ವಾರವಿಡೀ ಪಾಠ ಮಾಡುವಾಗಲೂ ಅದೇ ಕೊರೆಯಿತು. ಕೊನೆಗೆ ಒಂದು ದಿನ ರಜೆ ಹಾಕಿ, ಐವರನ್ನು ಎತ್ತಿಕೊಂಡ ಬೋಟು ಗಂಗೊಳ್ಳಿಗೆ ಮೀನು ಇಳಿಸಲು ಬಂದಾಗ ಅದರ ತಾಂಡೇಲನನ್ನು ಹೋಗಿ ಕಂಡಳು. ಅವರು ಅಷ್ಟು ದೂರದಿಂದ ಸರಿಯಾದ ಜಾಗಕ್ಕೆ ಬಂದದ್ದು ಅದೃಷ್ಟವೇ ಎಂದು ಕೇಳಿದಳು.

"ಅದೃಷ್ಟ ಎಂತದ್ದ್ ಅಕ್ಕ? ಶೇಖರ ವಯರ್‌ಲೆಸ್ಸಗೆ ಹೇಳಿದ್ದ್ ನಾನೂ ಕೇಂಡೆ. ಕೇಂಡದ್ದನ್ನೇ ಸೆಟ್ಟಿಗ್ ಒತ್ತಿ ಬಂದೆ. ನಾವ್ ಇದ್ದದ್ದ್ ದೂರ, ಅದ್ಕೇ ತಡ ಆಯ್ತ್."

ಹಾಗಾದರೆ ಶೇಖರ ಹೇಳಿದ ಅಂಕಿ ಸರಿಯಾಗಿತ್ತು. ಒಂದೇ ಅಂಕಿ ಹಿಡಿದು ದೂರದ ಬೋಟು ಸರಿಯಾದ ಜಾಗಕ್ಕೆ ಬಂತು, ಹತ್ತಿರದ ಬೋಟು ಬೇರೆ ಜಾಗಕ್ಕೆ ಹೋಯಿತು. ಅವಳು ಧಕ್ಕೆಯಿಂದ ನೇರ ವಯರ್‌ಲೆಸ್ ಕೋಣೆಗೆ ನಡೆದಳು.

ಪದ್ದು ಸೊಟ್ಟ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದ. ಅಳಿಯ ಹೋದ ಮೇಲೆ ಅವನ ಸ್ವರ ಇಳಿದಿತ್ತು, ಕೆಲಸ ಬಿಟ್ಟಿರಲಿಲ್ಲ. ಅವಳನ್ನು ನೋಡಿ ಪಕ್ಕದ ಕುರ್ಚಿಯ ಮೇಲಿದ್ದ ಟವೆಲು ತೆಗೆದ.

"ಬಾ ಮಗ. ಕೂಕೋ."

"ಮಾವ, ಶೇಖರಣ್ಣ ಆವತ್ತ್ ಎಂತ ಹೇಳಿದ್ದ್?"

"ನಂಗ್ ಈಗ್ಳೂ ಕಿವಿಯಗೆ ಇತ್ತ್. ಹದ್ಮೂರ್, ಐವತ್ತೊಂದ್, ಐವತ್ತೇಳ್. ಎಪ್ಪತ್ನಾಲ್ಕ್, ಇಪ್ಪತ್ತೊಂಬತ್ತ್, ಐವತ್ನಾಲ್ಕ್. ಬೇಗ ಕಳ್ಸಿ ಮಾವ ಅಂದ. ಅಷ್ಟೇ."

"ಕಚೇರಿಯವ್ರಿಗ್ ನೀವ್ ಹ್ಯಾಂಗ್ ಹೇಳ್ದ್ರಿ?"

"ಹಾಂಗೇ ಹೇಳ್ದೆ. ಹದ್ಮೂರ್ ಡಿಗ್ರಿ, ಐವತ್ತೊಂದ್ ಮಿನಿಟ್, ಐವತ್ತೇಳ್. ಅಲ್ಲಿದ್ದವ 'ಐವತ್ತೇಳು ಸೆಕೆಂಡಾ' ಅಂದ್ ಕೇಂಡ. ಹೌದ್ ಅಂದೆ. ಮತ್ತೊಂದ್ ಸಲ ಓದಿ ಹೇಳ್ದ. ಎಲ್ಲ ಸಮ ಇತ್ತ್ ಅಂದೆ."

ತಪ್ಪು ಎಲ್ಲಿ ಆಯಿತೆಂದು ಸೌಮ್ಯಶ್ರೀಗೆ ಹೊಳೆಯಿತು. ಬೋಟಿನ ಸೆಟ್ಟುಗಳು ಸೆಕೆಂಡು ತೋರಿಸುವುದಿಲ್ಲ. ಐವತ್ತೊಂದರ ಮುಂದೆ ಒಂದು ಚುಕ್ಕಿ ಇಟ್ಟು ಐವತ್ತೇಳು ಎಂದರೆ ಐವತ್ತೊಂದು ಮಿನಿಟು, ಅದರ ಮೇಲೆ ಒಂದು ಮಿನಿಟಿನ ನೂರರಲ್ಲಿ ಐವತ್ತೇಳು ಪಾಲು. ಸೆಕೆಂಡಿನಲ್ಲಿ ಹೇಳುವುದಾದರೆ ಅದು ಮೂವತ್ತನಾಲ್ಕು. ಬೋಟಿನವರೆಲ್ಲರ ಸೆಟ್ಟೂ ಒಂದೇ ತೆರನಾದ್ದರಿಂದ ತಮ್ಮತಮ್ಮಲ್ಲಿ ಮಾತಾಡುವಾಗ ಯಾರೂ ಚುಕ್ಕಿ ಎನ್ನುತ್ತಿರಲಿಲ್ಲ, ಅದರಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ. ಆ ಕಚೇರಿಯವರ ಲೆಕ್ಕ ಮಾತ್ರ ಸೆಕೆಂಡಿನದ್ದು. ಅವಳು ಮನಸ್ಸಿನಲ್ಲೇ ಕಳೆದಳು, ಕೂಡಿದಳು. ಬಡಗಿಗೆ ಏಳುನೂರು ಮೀಟರು, ಮೂಡಿಗೆ ಆರುನೂರೈವತ್ತು. ಮೂಲೆಯಿಂದ ಮೂಲೆಗೆ ನೇರ ಅಳೆದರೆ ಒಂದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ.

ಸಾಫ್ಟ್‌ವೇರು ಬರೆದ ಮೊದಲ ವಾರ ಇದೇ ತಪ್ಪು ಅವಳಿಂದಲೂ ಆಗಿತ್ತು. ಮನೆಯ ತಾರಸಿಯ ಮೇಲಿರಬೇಕಾದ ಚುಕ್ಕಿ ನಕ್ಷೆಯಲ್ಲಿ ಎಲ್ಲೋ ಹೊಳೆಯ ನಡುವೆ ಬಿದ್ದಿತ್ತು. ಅವಳು ನಕ್ಕು, ಒಂದು ಸಾಲು ತಿದ್ದಿ, ಮರೆತಿದ್ದಳು. ಆಮೇಲೆ ಎರಡು ವರ್ಷ ಮೂರು ಮೀಟರಿನ, ಆರು ಮೀಟರಿನ ವ್ಯತ್ಯಾಸಕ್ಕೆ ಕಣ್ಣು ಸವೆಸಿದಳು. ಅಷ್ಟು ಕಾಲವೂ ಬೋಟಿನವರು ಚುಕ್ಕಿ ಬಿಟ್ಟು ಮಾತಾಡುವುದು ಅವಳ ಕಿವಿಗೆ ಬೀಳುತ್ತಲೇ ಇತ್ತು.

"ಎಂತ ಆಯ್ತ್ ಮಗ? ನೀರ್ ಕುಡಿತ್ಯಾ?" ಎಂದ ಪದ್ದು.

"ಎಂತ ಇಲ್ಲೆ ಮಾವ," ಎಂದು ಎದ್ದು ಬಂದಳು.

ಹೇಳಿದರೆ ಈ ಮುದುಕ ಸಾಯುತ್ತಾನೆ, ಹೇಳದಿದ್ದರೆ ಅಣ್ಣ ಹೇಡಿಯಾಗಿಯೇ ಉಳಿಯುತ್ತಾನೆ. ಎರಡು ವಾರ ಅವಳು ಊರಿಗೆ ಬರಲಿಲ್ಲ. ಕೊನೆಗೆ ಒಂದು ನಡುದಾರಿ ಹೊಳೆಯಿತು. ಸತ್ತವರ ಮಾತೆತ್ತದೆ, ಪದ್ದುವಿನ ಹೆಸರೆತ್ತದೆ, ಇನ್ನು ಮುಂದೆ ಅಂಕಿ ಹೇಳುವ ಕ್ರಮ ತಿದ್ದಿಸಿದರಾಯಿತು. ಇನ್ನೊಂದು ಬೋಟಿಗೆ ಹೀಗಾಗಬಾರದು, ಅಷ್ಟೇ. ಶೇಖರ ಹೇಳಿದ ಅಂಕಿ ಸರಿಯಿತ್ತು ಎಂಬುದನ್ನು ಭಟ್ಕಳದ ತಾಂಡೇಲನಿಂದಲೇ ಹೇಳಿಸಿದರೂ ಆಗುತ್ತದೆ.

ಸಂಘದ ಸಭೆ ಭಾನುವಾರ ಬೆಳಿಗ್ಗೆ, ಹರಾಜು ಕಟ್ಟೆಯ ಪಕ್ಕದ ಸಭಾಂಗಣದಲ್ಲಿ. ಸೌಮ್ಯಶ್ರೀ ಎದ್ದು ನಿಂತು, ಜಾಗ ಹೇಳುವಾಗ 'ಪಾಯಿಂಟ್' ಎಂಬ ಮಾತನ್ನು ಯಾರೂ ಬಿಡಬಾರದು, ದಡದಿಂದ ಕಚೇರಿಗೆ ಹೇಳುವವರೂ ಇದು ಸೆಕೆಂಡಲ್ಲ ಎಂದು ಬಿಡಿಸಿ ಹೇಳಬೇಕು ಎಂದಳು.

"ಅದ್ಯೆಂತಕೆ ಟೀಚರೆ? ಇಷ್ಟ್ ವರ್ಷ ನಡ್ಕಂಡ್ ಬಂದಿತಲೆ," ಎಂದು ಹಿಂದಿನಿಂದ ಒಬ್ಬ ಕೇಳಿದ.

"ಸೆಕೆಂಡ್ ಅಂದೇಳಿ ತಕಂಡ್ರೆ ಒಂದ್ ಕಿಲೋಮೀಟರ್ ತಪ್ಪ್ತ್."

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಅವಳಿಗೆ ತಿಳಿಯಿತು. ಒಂದು ಕಿಲೋಮೀಟರು ಎಂಬ ಮಾತು ತಿಂಗಳಿಂದ ಆ ಬಂದರಿನ ಎಲ್ಲರ ನಾಲಗೆಯ ಮೇಲಿತ್ತು. ಒಬ್ಬೊಬ್ಬರಾಗಿ ತಿರುಗಿ ಗೋಡೆಯ ಬದಿಗೆ ಕೂತಿದ್ದ ಪದ್ದುವನ್ನು ನೋಡಿದರು. ಅವನು ತುಟಿ ಅಲ್ಲಾಡಿಸುತ್ತಿದ್ದ, ಅಂಕಿಗಳನ್ನು ತನ್ನಷ್ಟಕ್ಕೆ ಹೇಳಿಕೊಳ್ಳುವವನ ಹಾಗೆ. ಆಮೇಲೆ ಗೋಡೆ ಹಿಡಿದು ಎದ್ದ.

"ಅವ್ರ್ ಕೇಂಡಿದ್ರ್," ಎಂದ, ಯಾರನ್ನೂ ನೋಡದೆ. "ಸೆಕೆಂಡಾ ಅಂದ್ ಕೇಂಡಿದ್ರ್. ನಾನೇ ಹೌದ್ ಅಂದಿದ್ದ್."

ವಯರ್‌ಲೆಸ್ ಕೋಣೆಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟು ಕುಂಟುತ್ತ ಹೊರಗೆ ಹೋದ. ಯಾರೂ ತಡೆಯಲಿಲ್ಲ, ಬೈಯಲೂ ಇಲ್ಲ. ಆಮೇಲೆ ನಾಲ್ಕು ಜನ ಮನೆಗೆ ಹೋಗಿ, ನಿನ್ನ ತಪ್ಪಲ್ಲ, ನಮಗೆ ಯಾರಿಗೂ ಗೊತ್ತಿರಲಿಲ್ಲ, ಕೆಲಸಕ್ಕೆ ಬಾ ಎಂದು ಕರೆದರು. ಅವನು ಹೋಗಲಿಲ್ಲ. ವಯರ್‌ಲೆಸ್ಸಿನಲ್ಲಿ ಬೇರೆ ಸ್ವರ ಬಂತು.

ಗಂಡ ಹೋದ ಮೇಲೆ ರಾಜೀವಿ ತಂದೆಯ ಮನೆಯಲ್ಲೇ ಇದ್ದಳು. ಸಭೆಯ ಸುದ್ದಿ ಕೇಳಿದ್ದೇ ಸೌಮ್ಯಶ್ರೀಯಲ್ಲಿಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ.

"ಹೌದಾ?"

"ಹೌದ್ ಅತ್ತಿಗೆ."

"ನಿಂಗ್ ಯಾವಾಗ ಗೊತ್ತಾಯ್ತ್?"

"ಎರಡ್ ವಾರದ್ ಹಿಂದೆ."

"ಎರಡ್ ವಾರ ನಾನ್ ಅವ್ರಿಗೆ ಬಡ್ಸಿದೆ," ಎಂದಳು ರಾಜೀವಿ. "ಕಾಲಿಗ್ ಎಣ್ಣೆ ತಿಕ್ದೆ. ನೀ ನಂಗ್ ಹೇಳ್ಲಿಲ್ಲೆ. ಊರೆದ್ರಿಗ್ ಹೇಳ್ದೆ."

ಅವಳು ತಂದೆಯನ್ನು ಬಿಟ್ಟು ಹೋಗಲಿಲ್ಲ. ಹೊತ್ತಿಗೆ ಸರಿಯಾಗಿ ಗಂಜಿ ಬಡಿಸುತ್ತಿದ್ದಳು, ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಮಾತು ಮಾತ್ರ ನಿಲ್ಲಿಸಿದಳು. ಬೇಕಾದದ್ದನ್ನು ಪದ್ದು ಕೈಯಲ್ಲಿ ತೋರಿಸಬೇಕು, ಅವಳು ತಂದಿಟ್ಟು ಹೋಗಬೇಕು. ಇಡೀ ಬಂದರಿಗೆ ಸ್ವರವಾಗಿದ್ದವನು ತನ್ನ ಮನೆಯಲ್ಲಿ ಹಾಗೆ ಬಾಯಿ ಕಟ್ಟಿ ಕೂತ.

ಸೌಮ್ಯಶ್ರೀ ಮರುವರ್ಷ ಪ್ರಾಜೆಕ್ಟು ಮುಗಿಸಿದಳು. ಪರೀಕ್ಷೆಗೆ ಬಂದವರು ಚುಕ್ಕಿಗಳ ಚಿತ್ರ ನೋಡಿ ಮೆಚ್ಚಿ, ಇಷ್ಟು ನಿಖರತೆ ಯಾರಿಗೆ ಉಪಯೋಗ ಎಂದು ಕೇಳಿದರು. ಮೀನುಗಾರರಿಗೆ ಎಂದು ಬರೆದುಕೊಂಡು ಬಂದದ್ದನ್ನು ಅವಳು ಹೇಳಲಿಲ್ಲ. ಅಳೆದು ನೋಡುವವರಿಗೆ ಎಂದಳು. ಒಳ್ಳೆಯ ಅಂಕ ಬಂತು.

ಹದಿನಾರರಲ್ಲಿ ಒಂದು ಮಧ್ಯಾಹ್ನ ಕಾಲೇಜಿನ ಗೇಟಿನಲ್ಲಿ ಯಾರೋ ಕಾಯುತ್ತಿದ್ದಾರೆ ಎಂದು ಕರೆ ಬಂತು. ಹೋಗಿ ನೋಡಿದರೆ ಪದ್ದು, ಒಗೆದ ಬಿಳಿ ಅಂಗಿ ಹಾಕಿ, ಕೊಡೆಯ ಮೇಲೆ ಭಾರ ಬಿಟ್ಟು ನಿಂತಿದ್ದ. ಆ ಕಾಲಿನಲ್ಲಿ ಎರಡು ಬಸ್ಸು ಬದಲಿಸಿ ಬಂದಿದ್ದ. ಕ್ಯಾಂಟೀನಿಗೆ ಬನ್ನಿ ಎಂದರೆ ಬೇಡವೆಂದ.

"ಒಂದ್ ಮಾತ್ ಕೇಂಬುಕ್ ಬಂದೆ ಮಗ. ನಾನ್ ಅಲ್ಲ ಅಂದಿದ್ರೆ ಅಂವ ಬದ್ಕ್ತಿದ್ನಾ?"

ಇಲ್ಲ ಎಂದರೆ ಅವನು ಅಷ್ಟು ಹಗುರಾಗಿ ಮನೆಗೆ ಹೋಗಬಹುದು. ಆದರೆ ಶೋಧದ ಬೋಟು ಎಷ್ಟು ಹೊತ್ತಿಗೆ ಅಲ್ಲಿತ್ತು, ಶೇಖರ ಎಷ್ಟು ಹೊತ್ತು ತೇಲಿದ್ದ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಸಿಕ್ತಿದ್ದ ಮಾವ," ಎಂದಳು. "ಬದ್ಕ್ತಿದ್ನಾ ಅಂದೇಳಿ ನಂಗ್ ಗೊತ್ತಿಲ್ಲೆ."

ಪದ್ದು ತಲೆಯಾಡಿಸಿದ. "ಇಲ್ಲೆ ಅಂದಿದ್ರೆ ನಾ ನಂಬ್ತಿರ್ಲಿಲ್ಲೆ. ಮನೆಯಗ್ ಕೇಂಬ ಅಂದ್ರೆ ರಾಜೀವಿ ಮಾತಾಡುದಿಲ್ಲೆ."

ಅವಳು ಹೆದ್ದಾರಿಯವರೆಗೆ ಜೊತೆಗೆ ಹೋಗಿ ಕುಂದಾಪುರದ ಬಸ್ಸು ಹತ್ತಿಸಿದಳು. ಕಂಡಕ್ಟರಿಗೆ ಹೇಳಿ ಕಿಟಕಿಯ ಬದಿ ಜಾಗ ಮಾಡಿಸಿಕೊಟ್ಟಳು. ಬಸ್ಸು ಸಾಲಿಗ್ರಾಮದ ಕಡೆಗೆ ಹೊರಟಿತು.

ಮುಂದಿನ ಮಳೆಗಾಲ ಪದ್ದು ತೀರಿಕೊಂಡ. ಹೆಣ ಮೀಯಿಸುವಾಗ ಮುಖ ಒರೆಸಿದವಳು ರಾಜೀವಿಯೇ. ಆಗಲಾದರೂ ಅಪ್ಪಯ್ಯ ಎನ್ನುತ್ತಾಳೆಂದು ಹೆಂಗಸರು ಕಾದರು. ಅವಳು ಬಟ್ಟೆ ಹಿಂಡಿ, ಇನ್ನೊಮ್ಮೆ ಒರೆಸಿ, ಎದ್ದುಹೋದಳು. ಈಗ ಅವಳು ಮಂಜುಗಡ್ಡೆಯ ಪ್ಲಾಂಟಿನಲ್ಲಿ ಕೆಲಸ ಮಾಡುತ್ತಾಳೆ. ಶನಿವಾರ ಸೌಮ್ಯಶ್ರೀ ಬಂದಾಗ ಒಂದು ಬಟ್ಟಲು ಮೀನುಸಾರು ತಂದು ಕೊಡುತ್ತಾಳೆ, ಹೊಸ್ತಿಲ ಮೇಲೆ ಕೂತು ಪ್ಲಾಂಟಿನ ಸುದ್ದಿ ಹೇಳುತ್ತಾಳೆ, ಬಟ್ಟಲು ಖಾಲಿಯಾಗುವವರೆಗೆ ಇದ್ದು ಹೋಗುತ್ತಾಳೆ.